ದಡ ಮುಟ್ಟುವವರೆಗೆ ಉಸಿರು

ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಅವಳ ಹೆಸರು ಆ ಪ್ರಯೋಗಾಲಯದಲ್ಲಿ ಯಾರಿಗೂ ಬೇಕಿರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ವಿಜ್ಞಾನಿಗಳವರೆಗೆ ಎಲ್ಲರಿಗೂ ಅವಳು ಹುಳದಕ್ಕ. ಎಲೆಕೋಸು ತಿನ್ನುವ ಹಸಿರು ಹುಳಗಳನ್ನು ಮೊಟ್ಟೆಯಿಂದ ಸಾಕಿ ದೊಡ್ಡದು ಮಾಡಿ, ಆಮೇಲೆ ಅವಕ್ಕೆ ವಿಷ ಹಾಕುವುದು ಅವಳ ಕೆಲಸ. ಯಾರಾದರೂ ಅದನ್ನೇ ಎತ್ತಿ ಆಡಿದರೆ, "ಸಾಕಿದ ಕೈಗೆ ಅಷ್ಟೂ ಅಧಿಕಾರ ಬೇಡ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ವಿಷ ಬರುತ್ತಿದ್ದುದು ಸಮುದ್ರದಿಂದ. ಬಂಡೆಯ ಸಂದಿಯಲ್ಲಿ ಬದುಕುವ ಒಂದು ಬಸವನಹುಳ. ಬೆರಳುದ್ದದ ಚಿಪ್ಪು, ಮೇಲೆ ಕಂದು ಚುಕ್ಕಿಗಳು, ಒಳಗೊಂದು ಮುಳ್ಳು. ಆ ಮುಳ್ಳಿನಿಂದ ಚುಚ್ಚಿದರೆ ಮೀನು ಇದ್ದಲ್ಲೇ ಸ್ತಬ್ಧ. ದೋಣಿಯವರು ಅದನ್ನು ಸೂಜಿಶಂಖ ಎನ್ನುತ್ತಿದ್ದರು. ಅದರ ವಿಷದಿಂದ ಹೊಲಕ್ಕೊಂದು ಔಷಧಿ ಮಾಡಬೇಕು. ಅದು ಬೆಳೆ ತಿನ್ನುವ ಹುಳಕ್ಕೆ ತಾಗಬೇಕು, ಜೇನಿಗೆ ತಾಗಬಾರದು, ಬಾವಿಗೆ ಇಳಿಯಬಾರದು, ಎರಡು ಬಿಸಿಲಿಗೆ ಇಲ್ಲವಾಗಬೇಕು. ಇಷ್ಟೆಲ್ಲ ಒಳ್ಳೆಯ ಗುಣವಿರುವ ಅಳಿಯನೂ ಸಿಗುವುದಿಲ್ಲ ಎಂದು ಹುಳದಕ್ಕ ನಗುತ್ತಿದ್ದಳು.

ನಗುತ್ತಿದ್ದಳು ಎಂದ ಮಾತ್ರಕ್ಕೆ ನೋವಿರಲಿಲ್ಲ ಎಂದಲ್ಲ. ಅವಳ ಗಂಡನನ್ನು ತೆಗೆದುಕೊಂಡು ಹೋದದ್ದು ಅದೇ ಸೂಜಿಶಂಖ.

ಗಂಡ ಸಮುದ್ರದಲ್ಲಿ ಮುಳುಗಿ ಪ್ರಯೋಗಾಲಯಕ್ಕೆ ಶಂಖ ಹೆಕ್ಕಿ ತರುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ದಿನ ಚೀಲ ತುಂಬಿತೆಂದು ಕೊನೆಯ ಶಂಖವನ್ನು ಅಂಗೈಯಲ್ಲೇ ಹಿಡಿದು ಮೇಲೆ ಬಂದ. ದೋಣಿಯಲ್ಲಿ ಇದ್ದದ್ದು ಅವನು ಮತ್ತು ಅವನ ತಮ್ಮ, ಇಬ್ಬರೇ. ಮೊದಲು ತುಟಿ ಮರಗಟ್ಟಿತಂತೆ. ಆಮೇಲೆ ರೆಪ್ಪೆ ಇಳಿಯಿತು, ಆಮೇಲೆ ಉಸಿರು ನಿಂತಿತು. ದಡ ಒಂದು ಗಂಟೆಯ ದಾರಿ. ತಮ್ಮ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಅಣ್ಣನ ಬಾಯಿಗೆ ಬಾಯಿಟ್ಟು ಊದಿದ, ತನ್ನ ತುಟಿ ಒಡೆಯುವ ತನಕ ಊದಿದ. ಅರ್ಧ ದಾರಿಯಾದರೂ ಅಣ್ಣ ಒಂದು ಬೆರಳು ಅಲುಗಿಸಲಿಲ್ಲ. ಹೋಗಿಬಿಟ್ಟ ಎಂದುಕೊಂಡು ಒದ್ದೆ ಬಟ್ಟೆಯನ್ನು ಮುಖಕ್ಕೆ ಎಳೆದ. "ಅತ್ತಿಗೆಗೆ ಏನಂತ ಹೇಳ್ಲೋ ಅಣ್ಣಾ" ಎಂದು ಗೋಳಾಡುತ್ತ ದೋಣಿ ತಂದ. ದಡದ ಡಾಕ್ಟರು ನಾಡಿ ನೋಡಿ ತಲೆಯಾಡಿಸಿದರು. ಇದಿಷ್ಟನ್ನೂ ಮೈದುನನೇ ಅವಳ ಕಾಲ ಬಳಿ ಕೂತು ಹೇಳಿದ್ದ. ಅಷ್ಟಾದರೂ ಮಾಡಿದೆಯಲ್ಲಪ್ಪಾ ಎಂದು ಅವಳೇ ಅವನ ತಲೆ ಸವರಿದ್ದಳು.

ಆಮೇಲೆ ಪ್ರಯೋಗಾಲಯದವರು ಅವಳಿಗೆ ಹುಳದ ಕೆಲಸ ಕೊಟ್ಟರು. ಅಣ್ಣ ಮುಳುಗುತ್ತಿದ್ದ ಕಡೆ ಮೈದುನ ಮುಳುಗತೊಡಗಿದ, ಜೊತೆಗೊಬ್ಬ ದೋಣಿಯವನನ್ನು ಇಟ್ಟುಕೊಂಡು. ಪ್ರತಿ ಗುರುವಾರ ಬಕೆಟ್ಟು ಹೊತ್ತು ಬರುವನು. "ಏನತ್ತಿಗೆ, ನಿಮ್ಮ ಮಕ್ಳೆಲ್ಲ ಸೌಖ್ಯವೇ?" "ಸೌಖ್ಯ ಕಣೋ, ನಿನ್ನ ಹಾಗೇ ಹೊಟ್ಟೆಬಾಕರು." ಅವಳ ಮಗಳ ಶಾಲೆಯ ಚೀಲ ಹರಿದರೆ ಹೊಲಿದು ಕೊಡುವವನೂ ಅವನೇ, ಸೋರುವ ನಲ್ಲಿ ರಿಪೇರಿ ಮಾಡುವವನೂ ಅವನೇ. ಆ ಮನೆ ನಿಂತಿದ್ದೇ ಅವನ ಹೆಗಲ ಮೇಲೆ.

ಹುಳ ಎಣಿಸುವುದಕ್ಕೊಂದು ನಿಯಮವಿತ್ತು. ವಿಷ ಹಾಕಿ ಒಂದು ದಿನ ಬಿಟ್ಟು, ಸಣ್ಣ ಕುಂಚದ ತುದಿಯಿಂದ ಮೂರು ಸಲ ಮುಟ್ಟಬೇಕು. ಅಲುಗಾಡಿದರೆ ಬದುಕಿದೆ, ಇಲ್ಲದಿದ್ದರೆ ಸತ್ತಿದೆ. ಸತ್ತವನ್ನು ಬರೆದುಕೊಂಡು ಸ್ಪಿರಿಟ್ಟಿನ ಬಾಟಲಿಗೆ ಹಾಕಬೇಕು. ನಾಲ್ಕು ವರ್ಷ ಅವಳು ಇದನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದಳು. ಒಂದು ಶುಕ್ರವಾರ ಸ್ಪಿರಿಟ್ ಖಾಲಿಯಾಗಿತ್ತು. ಉಗ್ರಾಣದವನು ರಜೆ. ಸತ್ತ ನಲವತ್ತು ಹುಳಗಳ ಮೇಲೆ ಮುಚ್ಚಳವಿಟ್ಟು ಅವಳು ಮನೆಗೆ ಹೋದಳು.

ಸೋಮವಾರ ಬಂದು ನೋಡಿದರೆ ಮೂವತ್ತೊಂದು ಹುಳ ತಟ್ಟೆಯ ಅಂಚಿನಲ್ಲಿ ಓಡಾಡುತ್ತಿವೆ. ಹಸಿವಿಗೆ ಕೆಳಗಿನ ಕಾಗದವನ್ನೂ ಕಡಿದಿವೆ.

ವಿಷದ ಪ್ರಯೋಗ ನಡೆಸುತ್ತಿದ್ದ ಮೇಡಂಗೆ ಹಿಡಿಸಲಾರದಷ್ಟು ಸಂತೋಷ. ಅವರು ಆ ವಿಭಾಗಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಹುಳದಕ್ಕನ ಗಂಡ ಸಮುದ್ರದಲ್ಲಿ ತೀರಿಕೊಂಡ ಎಂದಷ್ಟೇ ಅವರಿಗೆ ಗೊತ್ತು.

"ಅಕ್ಕಾ, ಇದು ಕೊಲ್ಲಲ್ಲ, ಬರೀ ನಿಲ್ಲಿಸುತ್ತೆ! ನರ ಕಟ್ಟಿಹಾಕುತ್ತೆ, ಆಮೇಲೆ ತಾನೇ ಬಿಡುತ್ತೆ. ಪರವಾಗಿಲ್ಲ, ಎಲೆಯಿಂದ ಕೆಳಗೆ ಬಿದ್ರೆ ಸಾಕು, ಮಿಕ್ಕಿದ್ದು ಇರುವೆ ನೋಡ್ಕೊಳ್ಳುತ್ತೆ."

"ಹಾಗಾದ್ರೆ ಇವು ಸಾಯ್ಲಿಲ್ಲ ಯಾಕೆ?"

"ಹುಳ ಮೈಪಕ್ಕದ ತೂತುಗಳಿಂದ ಉಸಿರಾಡುತ್ತೆ. ಎದೆ ಏರಿಳಿಯೋ ಕೆಲಸ ಅದಕ್ಕಿಲ್ಲ. ಮನುಷ್ಯರಿಗಾದ್ರೆ ಉಸಿರು ನಿಂತು ಹೋಗುತ್ತೆ. ಆದ್ರೆ ವಿಷ ಇಳಿಯೋ ತನಕ ಯಾರಾದ್ರೂ ಊದ್ತಾ ಇದ್ರೆ ಅವರೂ ಎದ್ದು ಕೂರ್ತಾರೆ."

ಹುಳದಕ್ಕ ಕುಂಚವನ್ನು ತಟ್ಟೆಯ ಪಕ್ಕಕ್ಕೆ ಇಟ್ಟಳು.

"ಎಷ್ಟು ಹೊತ್ತು ಊದ್ಬೇಕು ಮೇಡಂ?"

"ಆಸ್ಪತ್ರೆ ಸಿಗೋ ತನಕ. ಯಾಕಕ್ಕಾ?"

"ಅಲ್ಲೀವರೆಗೆ ಅವರಿಗೆ ಕೇಳಿಸ್ತಾ ಇರುತ್ತಾ?"

ಮೇಡಂ ತಟ್ಟೆಯಿಂದ ತಲೆಯೆತ್ತಿದರು. ಅವಳ ಮುಖ ನೋಡಿದ ಮೇಲೆ ಅವರಿಗೆ ಅರ್ಥವಾಯಿತು. ಸುಳ್ಳು ಹೇಳಲು ಬಾರದ ಹೆಂಗಸು, ಪಾಪ. "ಕೇಳಿಸುತ್ತೆ," ಎಂದರು. "ಊದೋದು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು."

ಅವಳು ಅತ್ತಳು. ಹುಳದ ಕೋಣೆಯ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇದೆಲ್ಲ ಪುಸ್ತಕದಲ್ಲಿ ಇತ್ತಂತೆ. ಪುಸ್ತಕ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು. ಶಂಖ ತರುವವನ ಕಿವಿಗೆ ಮಾತ್ರ ಅದನ್ನು ಹಾಕಬೇಕೆಂದು ಓದಿದ ಒಬ್ಬರಿಗೂ ತೋಚಿರಲಿಲ್ಲ. ಅಂಥ ಓದಿಗೆ ಏನೆನ್ನಬೇಕೋ!

ಆದರೆ ಅವಳನ್ನು ಕಾಡಿದ್ದು ಸತ್ತವನ ವಿಚಾರವೊಂದೇ ಅಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮೈದುನ ನೆಮ್ಮದಿಯಾಗಿರುತ್ತಾನೆ. ಆದರೆ ಅವನೂ ಅದೇ ಬಂಡೆಗಳ ನಡುವೆ ಮುಳುಗುತ್ತಾನೆ. ನಾಳೆ ಅವನ ಅಂಗೈಗೆ ಚುಚ್ಚಿದರೆ ಜೊತೆಯ ದೋಣಿಯವನೂ ಅರ್ಧ ದಾರಿಗೆ ಬಟ್ಟೆ ಮುಚ್ಚುತ್ತಾನೆ. ಹೇಳಿದರೆ ಅವನ ಎದೆ ಒಡೆಯುತ್ತದೆ, ಹೇಳದಿದ್ದರೆ ಜೀವವೇ ಹೋದೀತು.

ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಬುಧವಾರ ಮೇಡಂ, ದೋಣಿಕಟ್ಟೆಯ ಗೋಡೆಗೆ ಹಚ್ಚಲೆಂದು ಒಂದು ಕಾಗದ ಬರೆದು ಅವಳಿಗೆ ತೋರಿಸಿದರು. ಸೂಜಿಶಂಖ ಚುಚ್ಚಿದವರು ಅಲುಗಾಡದಿದ್ದರೂ ಸತ್ತರೆಂದು ತಿಳಿಯಬೇಡಿ. ದಡ ಮುಟ್ಟುವವರೆಗೆ ಉಸಿರು ಕೊಡುತ್ತಲೇ ಇರಿ. ಧೈರ್ಯ ಹೇಳುತ್ತಿರಿ, ಅವರಿಗೆ ಎಲ್ಲವೂ ಕೇಳಿಸುತ್ತಿರುತ್ತದೆ.

"ಕೊನೇದೊಂದು ತೆಗೆದುಬಿಡಿ ಮೇಡಂ," ಎಂದಳು.

"ಅದೂ ಮುಖ್ಯ ಅಲ್ವಾ ಅಕ್ಕಾ?"

"ಧೈರ್ಯ ಹೇಳಿ ಅನ್ನೋದಿರ್ಲಿ. ಕೇಳಿಸುತ್ತೆ ಅನ್ನೋದು ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಡಂ ಪೆನ್ನು ತೆಗೆದು ಆ ಮಾತನ್ನು ಹೊಡೆದುಹಾಕಿದರು.

ಗುರುವಾರ ಮೈದುನ ಬಕೆಟ್ಟು ಇಳಿಸಿ, "ಏನತ್ತಿಗೆ, ಮಕ್ಳೆಲ್ಲ..." ಎಂದು ಶುರುಮಾಡಿದ. ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ತಟ್ಟೆ ತೋರಿಸಿ, ಹುಳ ಎದ್ದದ್ದನ್ನೂ ಉಸಿರಿನ ವಿಚಾರವನ್ನೂ ಹೇಳಿದಳು. ಅವನು ಹುಳಗಳನ್ನೇ ನೋಡುತ್ತ ಕೇಳಿಸಿಕೊಂಡ. ಕಾಗದ ಕೊಟ್ಟಳು. ಅವನು ಅಕ್ಷರ ಕೂಡಿಸಿಕೊಂಡು ಓದುವವನು. ಓದಲು ತುಂಬ ಹೊತ್ತು ಹಿಡಿಯಿತು.

"ಅಣ್ಣನ ಕೈ ಬೆಚ್ಚಗಿತ್ತು ಅತ್ತಿಗೆ," ಎಂದ. "ನಿಮಗೆ ಹೇಳಿರ್ಲಿಲ್ಲ. ಬಿಸಿಲಿಗೆ ಅಂದ್ಕೊಂಡೆ."

ಆಳುದ್ದದ ಗಂಡಸು ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ನಾನೂ ನಾಲ್ಕು ವರ್ಷ ಅದನ್ನೇ ಮಾಡಿದ್ನಲ್ಲೋ. ಅಲುಗಾಡ್ಲಿಲ್ಲ ಅಂದ್ರೆ ಸತ್ತ ಹಾಗೆ ಅಂತ ಬರೆದೆ, ಬಾಟ್ಲಿಗೆ ಹಾಕಿದೆ. ಗೊತ್ತಿರ್ಲಿಲ್ಲ ಕಣೋ. ನಿನಗೂ ಗೊತ್ತಿರ್ಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡು, ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡ. ದೋಣಿಯವನಿಗೆ ಇವತ್ತೇ ಓದಿ ಹೇಳುತ್ತೇನೆ ಎಂದ. ಖಾಲಿ ಬಕೆಟ್ಟು ಎತ್ತಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಅತ್ತಿಗೆ, ಅಣ್ಣನಿಗೆ ಏನೂ ಗೊತ್ತಾಗಿರಲ್ಲ ಅಲ್ವಾ? ನಾನು ಬಟ್ಟೆ ಮುಚ್ಚಿದ್ದು, ಅತ್ತಿದ್ದು..."

ಹುಳದಕ್ಕ ಕುಂಚ ತೊಳೆಯುತ್ತಿದ್ದಳು. ತೊಳೆಯುತ್ತಲೇ ಇದ್ದಳು.

"ಏನೂ ಗೊತ್ತಾಗಲ್ಲವಂತೆ ಕಣೋ," ಎಂದಳು. "ನಿದ್ದೆ ಬಂದ ಹಾಗೆ ಇರುತ್ತಂತೆ. ಮೇಡಂ ಹೇಳಿದ್ರು."