ನೀರಿಗೆ ಆಮ್ಲ, ಆಮ್ಲಕ್ಕೆ ನೀರು

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷ ಕಳೆದಿತ್ತು. ನಾನಾಗ ಮೈಸೂರು ಸಂಸ್ಥಾನದ ಹುಣಸೂರಿನಲ್ಲಿ ಹೈಸ್ಕೂಲಿನ ಸೈನ್ಸ್ ಮೇಷ್ಟ್ರು. ಅದುವರೆಗೆ ವಿಜ್ಞಾನವೆಂದರೆ ಇಂಗ್ಲಿಷ್ ಎಂಬಂತಿತ್ತು. ರೈತರ ಮಕ್ಕಳು ಅರ್ಥವಾಗದ ವಾಕ್ಯಗಳನ್ನು ಉರುಹೊಡೆದು ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು. ಕನ್ನಡದಲ್ಲಿ ಪಾಠ ಮಾಡಲು ಅವಕಾಶ ಸಿಕ್ಕರೂ ಪುಸ್ತಕ ಸಿಗುತ್ತಿರಲಿಲ್ಲ. ಹಾಗಾಗಿ ಮೂರು ಬೇಸಿಗೆ ರಜೆಗಳನ್ನು ಸವೆಸಿ ನಾನೇ ಒಂದು ಪುಸ್ತಕ ಬರೆದೆ. ರಸಾಯನಶಾಸ್ತ್ರದ ಮೂಲತತ್ತ್ವಗಳು, ಹದಿನಾಲ್ಕು ಪಾಠ, ನೂರಾ ಹನ್ನೆರಡು ಪುಟ.

"ಕೆಮಿಸ್ಟ್ರಿ ಕನ್ನಡಕ್ಕೆ ಬಗ್ಗೋದಿಲ್ಲ ಕಣ್ರೀ, ಸುಮ್ಮನೆ ಶ್ರಮ," ಎಂದಿದ್ದರು ನಮ್ಮ ಹೆಡ್‌ಮಾಸ್ಟರು. ಆದರೂ ಪುಸ್ತಕ ಮೈಸೂರಿನಲ್ಲಿ ಅಚ್ಚಾಯಿತು. ಮೊದಲ ಕಂತಿನ ನಲವತ್ತು ಪ್ರತಿಗಳಲ್ಲಿ ಹದಿನಾರು ನಮ್ಮಲ್ಲಿ ಉಳಿದವು. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಶಾಲೆಗಳಿಗೆ ಎಂಟೆಂಟು ಹೋದವು.

ನಮ್ಮ ಪ್ರಯೋಗಾಲಯದ ಅಟೆಂಡರ್ ಜವರಯ್ಯ. ನನಗಿಂತ ಇಪ್ಪತ್ತು ವರ್ಷ ಹಿರಿಯರು, ಓದು ಬರಹ ಬಾರದವರು. ಶಾಲೆಗೆ ಸೇರುವ ಮೊದಲು ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ಆಸಿಡ್ ತೊಟ್ಟಿಗಳ ಬಳಿ ದುಡಿದಿದ್ದರು. ಪುಸ್ತಕ ಬಂದ ವಾರ ಒಂದು ಮಧ್ಯಾಹ್ನ ಅವರು ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ನಾನು ನನ್ನದೇ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಅದು ಹೇಗೆ ಕೇಳಿಸುತ್ತದೆಂದು ತಿಳಿಯುವ ಆಸೆ, ಅಷ್ಟೆ.

ಆರನೆಯ ಪಾಠದ ಒಂದು ಸಾಲಿಗೆ ಬಂದಾಗ ಜವರಯ್ಯ ಕೈ ನಿಲ್ಲಿಸಿದರು.

"ಸಾಮಿ, ಇನ್ನೊಂದ್ ಕಿತ ಓದಿ."

ಓದಿದೆ: "ಗಂಧಕಾಮ್ಲಕ್ಕೆ ನೀರನ್ನು ಮೆಲ್ಲಗೆ ಸೇರಿಸುತ್ತ ಕಲಕಬೇಕು."

"ತಲೆಕೆಳಗಾಗ್ಯದೆ ಕಣ್ ಸಾಮಿ. ನೀರ್ಗೆ ಆಸಿಡ್ ಉಯ್ಬೇಕು. ಆಸಿಡ್ಗೆ ನೀರ್ ಉಯ್ದ್ರೆ ಮಕಕ್ಕೇ ಸಿಡೀತದೆ. ನಮ್ ಕಾರ್ಖಾನೇಲಿ ಒಬ್ಬ ಅಂಗೇ ಕಣ್ ಕಳ್ಕಂಡ."

ಅವರು ಹೇಳಿದ್ದು ಅಕ್ಷರಶಃ ನಿಜ. ಗಂಧಕಾಮ್ಲವೂ ನೀರೂ ಬೆರೆತಾಗ ವಿಪರೀತ ಶಾಖ ಹುಟ್ಟುತ್ತದೆ. ಆಮ್ಲದ ಮೇಲೆ ಬಿದ್ದ ನೀರು ಅಲ್ಲೇ ಕುದಿದು, ಆಮ್ಲವನ್ನೂ ಹೊತ್ತು ಸಿಡಿಯುತ್ತದೆ. ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವೇ ಬಿಟ್ಟರೆ ಶಾಖ ನೀರಿನಲ್ಲೆಲ್ಲ ಹರಡಿಹೋಗುತ್ತದೆ. ಇದು ರಸಾಯನಶಾಸ್ತ್ರದ ಮೊದಲ ಎಚ್ಚರಿಕೆ. ನಾನದನ್ನು ತಿರುಗಾಮುರುಗಾ ಅಚ್ಚು ಹಾಕಿಸಿದ್ದೆ.

ಅಚ್ಚಿನ ಮೊಳೆ ಜೋಡಿಸಿದವರ ತಪ್ಪಿರಲಿ ದೇವರೇ ಎಂದುಕೊಳ್ಳುತ್ತ ಹಸ್ತಪ್ರತಿ ತೆಗೆದು ನೋಡಿದೆ. ನನ್ನದೇ ಕೈಬರಹ. ಹಸ್ತಪ್ರತಿ ಇದ್ದದ್ದು ನನ್ನ ಪೆಟ್ಟಿಗೆಯಲ್ಲಿ. ಮುದ್ರಣದೋಷವೆಂದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಯೋಚನೆ ಬಂದದ್ದು ಸುಳ್ಳಲ್ಲ. ಆದರೆ ಅಟೆಂಡರ್ ಒಬ್ಬರು ಎದುರಿಗೆ ನಿಂತು ನನ್ನ ತಪ್ಪನ್ನು ಹೇಳಿದ್ದರು. ನಾನು ಹಾಗೆ ಜಾರಿಕೊಳ್ಳುವುದು ಹೇಗೆ?

ಹೆಡ್‌ಮಾಸ್ಟರರ ಮುಂದೆ ನಿಂತು ಎಲ್ಲ ಹೇಳಿದೆ.

"ನೋಡಿದಿರಾ? ನಾನು ಆವತ್ತೇ ಹೇಳಲಿಲ್ಲವೇ?" ಎಂದರು.

"ಸಾರ್, ಇದೇ ಸಾಲು ಇಂಗ್ಲಿಷಿನಲ್ಲಿದ್ದಿದ್ದರೆ ಜವರಯ್ಯನವರ ಕಿವಿಗೆ ಬಿದ್ದೂ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿದ್ದದ್ದಕ್ಕೇ ಸಿಕ್ಕಿತು."

ಅವರು ಕನ್ನಡಕ ತೆಗೆದು ಒರೆಸಿದರು. "ನಾಲ್ಕು ದಿನದ ರಜೆಗೆ ಬರೆದುಕೊಡಿ. ಮೊದಲು ಎಲ್ಲ ಕಡೆ ಹೋಗಿ ತಿದ್ದಿ ಬನ್ನಿ," ಎಂದರು.

ಎಲ್ಲ ಶಾಲೆಗಳಿಗೂ ಆ ಪಾಠ ನಿಲ್ಲಿಸಿರೆಂದು ತಂತಿ ಕೊಟ್ಟು, ನಮ್ಮ ಹದಿನಾರು ಪ್ರತಿಗಳನ್ನು ತಿದ್ದಿ, ಕೆಂಪು ಮಸಿಯ ಕುಡಿಕೆ ಹಿಡಿದು ಹೊರಟೆ. ಪೆಟ್ರೋಲ್ ಅಭಾವದಿಂದ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ನಾವೆಲ್ಲ ಇಳಿದು ನಡೆಯಬೇಕು. ಕೃಷ್ಣರಾಜನಗರದಲ್ಲಿ ತೊಂದರೆಯಾಗಲಿಲ್ಲ. ಪಿರಿಯಾಪಟ್ಟಣದ ಮೇಷ್ಟ್ರು ಮಾತ್ರ, "ಅಚ್ಚಾದ ಬುಕ್ಕಿಗೆ ಮಸಿ ಬಳಿದ್ರೆ ಇನ್ಸ್‌ಪೆಕ್ಟರು ನನ್ನ ಹಿಡ್ಕೊತಾರೆ ಕಣ್ರೀ," ಎಂದು ತಡೆದರು. ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಸಹಿ ಹಾಕಿದ ಮೇಲೆ ಸಮಾಧಾನವಾಯಿತು. ಹೆಗ್ಗಡದೇವನಕೋಟೆಗೆ ಬಾಡಿಗೆ ಸೈಕಲ್ಲಿನಲ್ಲಿ ಹೋದೆ. ಅಲ್ಲಿ ಏಳೇ ಪ್ರತಿ ಇದ್ದವು. ಎಂಟನೆಯದನ್ನು ಹತ್ತಿರದ ಹಂಪಾಪುರದ ಶಾಲೆಯ ಮೇಷ್ಟ್ರು ಎರವಲು ಒಯ್ದಿದ್ದರು. ತಂತಿಯ ಸುದ್ದಿ ಅವರಿಗೆ ತಲುಪಿರಲಿಲ್ಲ.

ಹಂಪಾಪುರ ಮುಟ್ಟಿದಾಗ ತರಗತಿ ನಡೆದಿತ್ತು. ಕಪ್ಪುಹಲಗೆಯ ಮೇಲೆ ನನ್ನ ತಪ್ಪು ವಾಕ್ಯ ದುಂಡಗಿನ ಅಕ್ಷರಗಳಲ್ಲಿ ಕುಳಿತಿತ್ತು. ಆ ಶಾಲೆಯಲ್ಲಿ ಆಮ್ಲದ ಸೀಸೆ ಇನ್ನೂ ಇರಲಿಲ್ಲ. ಮುಂದಿನ ವಾರ ಕೋಟೆಯಿಂದ ತರಿಸುವ ಏರ್ಪಾಡಾಗಿತ್ತು. ನಾನು ಹಲಗೆ ಒರೆಸಿ, ಸರಿಯಾದದ್ದನ್ನು ಬರೆದು, ಮಕ್ಕಳಿಗೆ ಹೇಳಿದೆ: "ಈ ಪುಸ್ತಕ ಬರೆದವನು ನಾನೇ. ತಪ್ಪೂ ನನ್ನದೇ."

ಹಿಂದಿನ ಸಾಲಿನಿಂದ ಚಿಕ್ಕತಾಯಮ್ಮ ಎಂಬ ಹುಡುಗಿ ಎದ್ದಳು. "ಅಂಗಾರೆ ಈ ಬುಕ್ನಲ್ಲಿ ಇನ್ನೂ ಎಷ್ಟ್ ತಪ್ಪವೆ ಸಾ?"

ಅವರ ಮೇಷ್ಟ್ರು ಗದರಲು ಬಾಯಿ ತೆರೆದರು. ನಾನು ತಡೆದೆ. "ಗೊತ್ತಿಲ್ಲಮ್ಮ. ಸಿಕ್ಕರೆ ಬರೆದು ಕಳಿಸು," ಎಂದೆ.

ಕಳಿಸಿದಳು. ತಿಂಗಳೊಪ್ಪತ್ತಿನಲ್ಲಿ ಒಂದು ಕಾರ್ಡು ಬಂತು. ಸುಟ್ಟ ಸುಣ್ಣದ ಕಲ್ಲು ನೀರಿನಲ್ಲಿ ಕರಗುತ್ತದೆ ಎಂದು ನಾನು ಬರೆದಿದ್ದೆ. "ಕರಗುವುದಿಲ್ಲ. ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿಯುವಾಗ ನಮ್ಮವ್ವ ಮಾಡುವುದನ್ನು ನೋಡಿದ್ದೇನೆ. ಅವಳು ಅದಕ್ಕೆ ಅರಳಿದ ಸುಣ್ಣ ಅನ್ನುತ್ತಾಳೆ," ಎಂದಿತ್ತು ಕಾರ್ಡಿನಲ್ಲಿ. 'ಸ್ಲೇಕ್ಡ್ ಲೈಮ್'ಗೆ ಕೋಶಗಳಲ್ಲಿ ಹುಡುಕಿ ಸೋತು ಬಿಟ್ಟಿದ್ದ ಕನ್ನಡ ಪದ, 'ಅರಳಿದ ಸುಣ್ಣ', ಒಬ್ಬ ತಾಯಿಯ ಬಾಯಿಂದ ನನಗೆ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಎರಡನೆಯ ಮುದ್ರಣ ಬಂತು. ಮೊದಲ ಪುಟದಲ್ಲಿ ಜವರಯ್ಯ, ಚಿಕ್ಕತಾಯಮ್ಮ ಇಬ್ಬರಿಗೂ ಹೆಸರು ಹಿಡಿದು ವಂದನೆ ಹೇಳಿದ್ದೆ. ಜವರಯ್ಯನವರಿಗೆ ತೋರಿಸಿದೆ.

"ನನ್ನೆಸ್ರು ಎಲ್ಲದೆ ಸಾಮಿ?"

ಬೆರಳಿಟ್ಟು ತೋರಿಸಿದೆ. ಬಗ್ಗಿ ನೋಡಿದರು. "ಆ ಅಂಪಾಪುರದ ಮಗೀದು?"

"ಇದೋ, ನಿಮ್ಮ ಪಕ್ಕದಲ್ಲೇ."

"ಅಂಗಾರೆ ಸರಿ ಬುಡಿ," ಎಂದು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

ಮುಂದೆ ಆ ಪುಸ್ತಕ ಎಷ್ಟೋ ಶಾಲೆಗಳಿಗೆ ಹೋಯಿತು. ಅದರಿಂದ ಒಂದು ಮಗುವಿನ ಕೈಯೂ ಸುಡಲಿಲ್ಲ ಎಂಬುದು ನನ್ನ ವೃತ್ತಿಯ ದೊಡ್ಡ ಹೆಮ್ಮೆ. ಆಮೇಲೆ ನಾನು ಇನ್ನೂ ನಾಲ್ಕು ಪುಸ್ತಕ ಬರೆದೆ. ಪಾಠದಲ್ಲಿ ಬರುವ ಕೆಲಸವನ್ನು ಕೈಯಾರೆ ಮಾಡಿ ಬಲ್ಲವರೊಬ್ಬರ ಮುಂದೆ ಗಟ್ಟಿಯಾಗಿ ಓದದೆ ಒಂದು ಪಾಠವನ್ನೂ ಅಚ್ಚಿಗೆ ಕಳಿಸಲಿಲ್ಲ.