ಫೋರ್ತುನಾತಾ ಒಪ್ಪಿಸಿದ ಪಾಠ

ಕುಸ್ಕೊ ಕಣಿವೆಯ ಆ ಊರಿನಲ್ಲಿ ಫೋರ್ತುನಾತಾ ಮೂವತ್ತೆಂಟು ವರ್ಷ ಚೂತಾ ಬೇಯಿಸಿದವಳು. ತಟ್ಟೆಯಗಲದ ಆ ಸಿಹಿ ರೊಟ್ಟಿ ಯಾವ ಗಳಿಗೆಯಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆಂಬುದನ್ನು ಒಲೆಯ ಬಾಯಲ್ಲಿ ನಿಂತೇ ಕಂಡುಕೊಳ್ಳುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಒಲೆಯೊಳಗೆಲ್ಲ ಬರಿಯ ಮಂಜು. ಒಂದೇ ವಾರದಲ್ಲಿ ಮೂರು ಸಲ ರೊಟ್ಟಿ ಸೀದುಹೋದಾಗ ಸೊಸೆ ಯೆನಿ ಒಲೆಯನ್ನು ತಾನೇ ವಹಿಸಿಕೊಂಡಳು. ಮುದುಕಿಗೆ ಅದನ್ನು ಸಹಿಸಲಾಗಲಿಲ್ಲ.

ಪೊರೆ ತೆಗೆಸುವ ಖರ್ಚೆಲ್ಲ ಸರ್ಕಾರದ ಆರೋಗ್ಯ ವಿಮೆಯದು. ಊರಿನ ಆರೋಗ್ಯ ಕೇಂದ್ರದಿಂದ ನಗರದ ಆಸ್ಪತ್ರೆಗೆ ಒಂದು ಚೀಟಿ ಬೇಕಿತ್ತು, ಅಷ್ಟೆ.

ಆದರೆ ಆ ಊರಿನ ಮುದುಕಿಯರು ಯಾವ ಕಚೇರಿಗೆ ಹೋಗುವುದಿದ್ದರೂ ಮೊದಲು ಅಕ್ಕಪಕ್ಕದವರಿಂದ ಉತ್ತರ ಕಲಿತು ಹೋಗುವವರು. ಉತ್ತರ ಬಾರದವರನ್ನು ಸಾಹೇಬರು ಗದರಿಸಿ ಕಳಿಸುತ್ತಿದ್ದ ಕಾಲವನ್ನು ಕಂಡವರು. ಹಾಗಾಗಿ ಕೇಂದ್ರದ ಬೆಂಚಿನ ಮೇಲೆಯೇ ಗೆಳತಿ ಎವುಸೇಬಿಯಾ ಪಾಠ ತೆಗೆದಳು.

"ಗೋಡೆ ಮೇಲೆ ಬಾಚಣಿಗೆ ಹಾಗೆ ಮೂರು ಮೂರು ಕಾಲಿರೋ ಗುರುತು ಇರ್ತವೆ ಕಣೇ. ಕಾಲು ಯಾವ ಕಡೆಗೆ ಅಂತ ನರ್ಸ್ ಕೇಳ್ತಾಳೆ. ಮೇಲೆ, ಬಲಕ್ಕೆ, ಕೆಳಗೆ, ಮತ್ತೆ ಕೆಳಗೆ, ಎಡಕ್ಕೆ. ಬಾಯಿಪಾಠ ಮಾಡ್ಕೋ. ಹೋದ ತಿಂಗಳು ನಾನು ಒಂದೂ ತಪ್ಪಲಿಲ್ಲ."

"ನಿಂಗ್ಯಾರು ಹೇಳಿಕೊಟ್ರು?"

"ಮಾಂಸದಂಗಡಿ ದಾಮಿಯಾನಾ."

ಒಳಗೆ ನರ್ಸ್ ನಿಲ್ದಾ ಗೋಡೆಯ ಹಲಗೆಯ ಮೇಲಿನ ಗುರುತುಗಳನ್ನು ಕೋಲಿನಿಂದ ತೋರಿಸಿದಂತೆಲ್ಲ ಫೋರ್ತುನಾತಾ ಗಟ್ಟಿಯಾಗಿ ಒಪ್ಪಿಸಿದಳು.

"ಒಳ್ಳೇ ಕಣ್ಣು ಅಜ್ಜಿ. ಆಪರೇಷನ್ ಬೇಕಾಗಿಲ್ಲ. ಚೀಟಿ ಕೊಡೋ ಹಾಗಿಲ್ಲ."

ಫೋರ್ತುನಾತಾ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ತಾಯೀ, ನಂಗೆ ಆ ಗೋಡೆನೇ ಕಾಣಲ್ಲ. ಪಾಸಾದೋರಿಗೆ ಆಪರೇಷನ್ ಅಂದ್ಕೊಂಡಿದ್ದೆ."

ನಿಲ್ದಾ ಹಲಗೆಯನ್ನು ತಲೆಕೆಳಗಾಗಿ ತೂಗುಹಾಕಿದಳು. "ಈಗ ಹೇಳಿ ನೋಡೋಣ."

ಕಲಿತದ್ದು ಒಂದೇ ಪಾಠ. ಅಜ್ಜಿ ಅದನ್ನೇ ಒಪ್ಪಿಸಿದಳು. ನಿಲ್ದಾ ನಗು ತಡೆದುಕೊಂಡು ಟಾರ್ಚ್ ಹಿಡಿದು ನೋಡಿದರೆ ಎರಡು ಪಾಪೆಗಳೂ ಹಾಲಿನಂತೆ ಬೆಳ್ಳಗಿದ್ದವು.

"ಪಾಠ ಹೇಳಿದ ಮೇಡಂ ಯಾರು?" ಎಂದಳು ಚೀಟಿ ಬರೆಯುತ್ತ.

"ಎವುಸೇಬಿಯಾ. ಹೊರಗೇ ಕೂತಿದಾಳೆ."

"ಅವರನ್ನೂ ಒಳಗೆ ಕಳಿಸಿ. ಹದಿನೆಂಟರ ಹುಡುಗಿ ಕಣ್ಣು ಅಂತ ಅವರಿಗೆ ಬರೆದುಕೊಟ್ಟಿದೀನಿ."

ಹೀಗೆ ದಾಮಿಯಾನಾಳೂ ಸೇರಿ ಮೂವರು ಒಂದೇ ವ್ಯಾನಿನಲ್ಲಿ ನಗರಕ್ಕೆ ಹೋದರು. ಆಸ್ಪತ್ರೆಯಲ್ಲಿ ಯಾರೂ ಅವರಿಂದ ಒಂದು ಸೋಲ್ ನಾಣ್ಯವನ್ನೂ ಕೇಳಲಿಲ್ಲ.

ವೈದ್ಯರು ಹೇಳಿದಷ್ಟು ವಾರ ಹೊಗೆಯಿಂದ ದೂರವಿದ್ದು, ಒಂದು ಬೆಳಿಗ್ಗೆ ಫೋರ್ತುನಾತಾ ಒಲೆಯ ಹತ್ತಿರ ಬಂದಳು. ಆಗತಾನೇ ಇಳಿಸಿದ ರೊಟ್ಟಿಯೊಂದನ್ನು ತಿರುವಿ ನೋಡಿದಳು.

"ಇಷ್ಟು ದಿನ ನನ್ನ ಹೆಸರಲ್ಲಿ ಈ ಬಿಳಿಚಿಕೊಂಡಿರೋದನ್ನ ಮಾರ್ತಿದ್ದೆಯೇನೇ ಯೆನಿ?"

"ನೀವು ಸೀಯಿಸಿದ್ದಕ್ಕಿಂತ ವಾಸಿ, ಅತ್ತೆ."

"ಅದೂ ನಿಜ ಬಿಡು. ಸ್ವಲ್ಪ ಆ ಕಡೆ ಸರಿ."

ಯೆನಿ ಸರಿದು ನಿಂತಳು.