ಕಾಶಿ ಕುಣಿದ ಭಾನುವಾರ

ಹಾರವಾಡದ ಕಾಶಿ ಮೀನುಬುಟ್ಟಿ ಹೊತ್ತು ನಡೆದಳೆಂದರೆ ಹಿಂದಿನಿಂದ ಓಡಿಬಂದವರಿಗೂ ಸಿಗುತ್ತಿರಲಿಲ್ಲ. ಅಮದಳ್ಳಿಯ ತವರಿನಿಂದ ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ತಲೆಯ ಮೇಲೆ ಬುಟ್ಟಿ ಇಟ್ಟಿದ್ದಳು. ಅಂದಿನಿಂದ ಅಂಕೋಲೆಯ ಕೇರಿ ಕೇರಿ ಸುತ್ತಿ ಆ ಕಾಲುಗಳಿಗೆ ನಿಲ್ಲುವುದೇ ಮರೆತುಹೋಗಿತ್ತು. ಆದರೆ ಕುಣಿಯುವುದು? ರಾಮ ರಾಮ! ಮದುವೆಮನೆಯಲ್ಲಿ ಹೆಂಗಸರೆಲ್ಲ ಸೇರಿ ಕೈಹಿಡಿದು ಎಳೆದರೂ ಕಂಬ ಅಪ್ಪಿಕೊಂಡು ನಿಲ್ಲುವವಳು ಅವಳು. ಅಂಥವಳು ಕಾರವಾರದ ಟಿವಿ ಅಂಗಡಿಯಲ್ಲಿ ಊರ ಜನರೆದುರು ಕುಣಿಯಲು ಹೊರಟಿದ್ದಾಳೆಂದರೆ ಕೇರಿಯವರು ನಗದೆ ಇನ್ನೇನು ಮಾಡಿಯಾರು?

ಎರಡು ಸಾವಿರದ ಏಳೋ ಎಂಟೋ ಇಸವಿ. ಕಿಶನ ಎಂಬವನು ಕಾರವಾರದಲ್ಲಿ ಟಿವಿ ಅಂಗಡಿ ಇಟ್ಟು, ಹಿಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಆಡಿಸುತ್ತಿದ್ದ. ಅಲ್ಲಿ ಕಾಲೇಜು ಮಕ್ಕಳಿಗೆ ಹುಚ್ಚು ಹಿಡಿಸಿದ್ದು ಕುಣಿಯುವ ಗೇಮು. ನೆಲಕ್ಕೊಂದು ಪ್ಲಾಸ್ಟಿಕ್ ಚಾಪೆ. ಅದರ ಮೇಲೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಒಂದೊಂದು ಬಾಣದ ಗುರುತು. ಹಾಡು ಶುರುವಾದ ಕೂಡಲೇ ಟಿವಿಯ ತಳದಿಂದ ಅಂಥವೇ ಬಾಣಗಳು ಮೇಲೇರುತ್ತವೆ. ಬಾಣ ಮೇಲಿನ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಚಾಪೆಯ ಮೇಲಿನ ಅದೇ ಬಾಣವನ್ನು ತುಳಿಯಬೇಕು. ತಪ್ಪಿದಷ್ಟೂ ಟಿವಿಯ ಮೂಲೆಯಲ್ಲಿರುವ ಹಸಿರು ಪಟ್ಟಿ ಕರಗುತ್ತದೆ. ಪೂರ್ತಿ ಕರಗಿತೋ, ಆಟ ಮುಗಿಯಿತು. ಕಾಶಿಯ ಮಗಳು ಮಾನಸಾ ಕಾರವಾರದ ಕಾಲೇಜಿಗೆ ಸೇರಿದ ಮೇಲೆ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ಅವಳು ಬಂದಳೆಂದರೆ ಗಂಡುಹುಡುಗರು ಚಾಪೆ ಬಿಟ್ಟು ಗೋಡೆಗೆ ಒರಗುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಕಿಶನ ಸ್ಪರ್ಧೆಯ ಬೋರ್ಡು ಹಾಕಿದ. ಅದರಲ್ಲೊಂದು ಕೊಕ್ಕೆ: ಆಡುವುದು ಜೋಡಿಯಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಚಾಪೆ, ಜೋಡಿಯಲ್ಲೊಬ್ಬರು ಮನೆಯ ಹಿರಿಯರೇ ಆಗಬೇಕು. ಹಿರಿಯರು ಅಂಗಡಿಗೆ ಬಂದರೆ ಟಿವಿಯೂ ಮಾರಿಹೋಗುತ್ತದೆ ಎಂಬ ಉಪಾಯ ಅವನದು. ಮಾನಸಾಳ ಅಪ್ಪ ದುರ್ಗಪ್ಪ ಗೋವಾದ ಬೋಟಿನಲ್ಲಿದ್ದ. ಅವಳು ಆರಿಸಿಕೊಂಡಿದ್ದು ಚಿಕ್ಕಮ್ಮ ಸುಮಲತಾಳನ್ನು. ಈಕೆ ಕಾಶಿಯ ಬೆನ್ನಿಗೆ ಹುಟ್ಟಿದ ತಂಗಿ. ಅಂಕೋಲೆಯಲ್ಲಿ ಅಂಗನವಾಡಿ ಟೀಚರು. ಸೀರೆಗೆ ಪಿನ್ನು ಹಾಕಿ, ಮಕ್ಕಳ ಮುಂದೆ ಹಾಡಿ ಕುಣಿದು ರೂಢಿಯಿದ್ದವಳು. ಎಲ್ಲ ಸರಿಹೋಯಿತು ಅನ್ನುವಾಗ ಸುಮಲತಾಳಿಗೆ ಚಿಕುನ್‌ಗುನ್ಯಾ ಬಂದು, ಕೀಲುಕೀಲು ಹಿಡಿದು ಮಲಗಿಬಿಟ್ಟಳು.

"ಹಂಗಾರೆ ನೀನೇ ಬಾ ಆಯಿ," ಎಂದಳು ಮಾನಸಾ ತಾಯಿಗೆ, ಗೋಡೆ ನೋಡಿಕೊಂಡು.

ಗೋಡೆ ನೋಡಿಕೊಂಡು ಹೇಳಿದ್ದು ಕಾಶಿಗೆ ಚುಚ್ಚಿತು. ಚುಚ್ಚದೆ ಇರುತ್ತದೆಯೇ? ಬೇಸಿಗೆಯಲ್ಲೊಂದು ದಿನ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಕಾಶಿ ಬುಟ್ಟಿ ಇಳಿಸಿ ಕೂತಿದ್ದಳು. ಮಾನಸಾ ಗೆಳತಿಯರೊಂದಿಗೆ ಬಸ್ಸಿನಿಂದ ಇಳಿದಳು, ತಾಯಿಯನ್ನು ಕಂಡಳು, ಕಂಡೂ ಬೇರೆ ಕಡೆ ತಿರುಗಿದಳು. ಕಾಶಿ ಜಗಳ ಮಾಡಲಿಲ್ಲ. ಮಗಳಿಗೆ ಕಷ್ಟವಾಗದಿರಲೆಂದು ತಾನೇ ಸೆರಗೆಳೆದುಕೊಂಡು ಬೇಲಿಯ ಕಡೆ ಮುಖ ಮಾಡಿ ಕೂತಳು. ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ. ಆದರೆ ಅವತ್ತಿನಿಂದ ಕಾಶಿ ಪೇಟೆಯಲ್ಲಿ ಮಗಳನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಅದೇ ಮಗಳ ಗೆಳತಿಯರೆಲ್ಲ ಬರುವ ಜಾಗದಲ್ಲಿ, ಅವಳ ಪಕ್ಕದಲ್ಲೇ ನಿಂತು ಕುಣಿಯಬೇಕು! ಗೆಲ್ಲುವುದು ಹಾಳಾಗಲಿ, ನನ್ನಿಂದ ಹುಡುಗಿಯ ಮುಖ ಮಾತ್ರ ಕೆಳಗಾಗಬಾರದು ದೇವರೇ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

ಮನೆಯಲ್ಲಿ ಚಾಪೆ ಎಲ್ಲಿಂದ ಬರಬೇಕು? ಮಾನಸಾ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ ಬಾಣ ಬರೆದಳು. ಬಲೆ ಒಣಗಿಸುವ ಜಾಗದಲ್ಲಿ ಕಾಶಿ ಸೀರೆ ಎತ್ತಿ ಸಿಕ್ಕಿಸಿ ನಿಂತಳು. "ಮುಂದೆ, ಹಿಂದೆ, ಎಡ, ಎಡ, ಬಲ!" ಮಗಳು ಕೂಗುವುದು, ತಾಯಿ ತುಳಿಯುವುದು. ನೆರೆಮನೆಯ ಬೇಬಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿ, "ಏ ಕಾಶಿ, ಎಂತದೇ ಇದು? ಮೈಮೇಲೆ ದೇವ್ರು ಬಂತನೇ?" ಎಂದು ಕೇಳಿದಳು.

"ಬಂದದೆ ಮಾರಾಯ್ತಿ. ನಿಂಗೆ ಎಂತ ಕೇಳೂದದೆ, ಕೇಳ್ಕ!" ಎಂದಳು ಕಾಶಿ, ಏದುಸಿರಿನಲ್ಲೇ. ಮಾನಸಾ ಕೂಡ ನಕ್ಕಳು. ಆದರೂ ಬಲ ಅಂದಾಗ ಎಡ ತುಳಿದರೆ, "ಸುಮ್ಮಿ ಚಿಕ್ಕಿಗೆ ಒಂದೇ ಸಲಕ್ಕೆ ಬಂದಿತ್ತು" ಎನ್ನುವುದನ್ನು ಅವಳು ಬಿಡುತ್ತಿರಲಿಲ್ಲ. ಸುಲಭದ ಹಾಡಾದರೆ ಕಷ್ಟಪಟ್ಟು ಮುಗಿಸಬಹುದು ಎಂಬಲ್ಲಿಗೆ ಆ ವಾರ ಕಳೆಯಿತು.

ಭಾನುವಾರ ಕಾಶಿ ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದಳು, ಕೊನೆಗೆ ಲಿಂಬೆಸಿಪ್ಪೆಯನ್ನೂ ತಿಕ್ಕಿದಳು. ಕಾರವಾರದ ಬಸ್ಸಿನಲ್ಲಿ ಕೂತ ಮೇಲೂ ಅಂಗೈ ಮೂಸಿ ನೋಡುವುದೇ ಕೆಲಸ.

"ನೋಡೇ, ವಾಸ್ನಿ ಬತ್ತದಾ?"

"ಇಲ್ಲ ಆಯಿ. ಸುಮ್ನೆ ಕೂತ್ಕ. ನೋಡ್ದವರು ಎಂತ ಅನ್ಕಂತಾರೆ?"

ಕಾಶಿ ಕೈ ಮಡಚಿ ಮಡಿಲಲ್ಲಿಟ್ಟುಕೊಂಡಳು. ಬಸ್ಸು ಅರ್ಗಾ ದಾಟಿತು, ಕಾರವಾರ ಹತ್ತಿರವಾಯಿತು. ಇಳಿದು ತಿರುಗಿ ಮನೆಗೆ ಹೋಗಿಬಿಡಲೇ ಅನ್ನಿಸಿತು. ಹೋದರೆ ಮಗಳು ಜೋಡಿಯಿಲ್ಲದೆ ಆಟದಿಂದಲೇ ಹೊರಗೆ.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾನಸಾಳ ಗೆಳತಿಯರು ಮುಂದಿನ ಸಾಲಿನಲ್ಲೇ ಇದ್ದರು. ಅರ್ಗಾದ ನೇವಿ ಕ್ವಾರ್ಟರ್ಸಿನ ಹೆಂಗಸೊಬ್ಬಳು ಬಿಳಿ ಸಾಕ್ಸು ಹಾಕಿಕೊಂಡು, ಮಗನ ಜೊತೆ ಆಡಿ, ಬೆವರು ಒರೆಸಿಕೊಳ್ಳುತ್ತ ಆಗಷ್ಟೇ ಇಳಿದಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಕೇಳಿ ಕಾಶಿ ಮಗಳ ಹಿಂದೆ ಸರಿದು ನಿಂತಳು.

ಕಿಶನ ನಿಯಮ ಹೇಳಿದ. "ಒಬ್ಬರ ಪಟ್ಟಿ ಕರಗಿದ್ರೂ ಜೋಡಿ ಔಟ್. ಒಬ್ಬರ ಕಾಲು ಇನ್ನೊಬ್ಬರ ಚಾಪಿ ಮೇಲೆ ಬಿದ್ರೂ ಜೋಡಿ ಔಟ್. ನಿಮಗೆ ಸುಲಭದ ಹಾಡು ಇಟ್ಟಿದ್ದೆ. ಅದು ಬೇಡ ಅಂದ್ರೆ ಹಿಂದಿನ ಬಾಣ ಒತ್ತಿ, ಒಂದೊಂದೇ ಮೆಟ್ಟಿಲು ಕಷ್ಟದ್ದು ಬತ್ತದೆ. ಒಮ್ಮೆ ಒತ್ತಿದ ಮೇಲೆ ಒತ್ತಿದ್ದೇ ಲೆಕ್ಕ."

ಇದೆಲ್ಲ ಕಾಶಿಯ ಕಿವಿಗೆ ಬಿದ್ದಿತೇ? ಬಿದ್ದಿರಲಿಕ್ಕಿಲ್ಲ. ಅವಳು ಚಾಪೆಯನ್ನೇ ನೋಡುತ್ತಿದ್ದಳು. ಅಂಗಳದ ಸುಣ್ಣದ ಗೆರೆ ಬೇರೆ, ಇದು ಬೇರೆ. ಹೊಳೆಯುವ ಬಾಣಗಳು, ಒಳಗೆ ವಿದ್ಯುತ್ತು, ಎದುರಿಗೆ ಇಷ್ಟು ಜನ. ಅವಳ ಮನೆಯಲ್ಲಿ ಗಂಡಸರು ದೋಣಿ ಹತ್ತುವ ಮೊದಲು ಅದರ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬುಟ್ಟಿ ಎತ್ತುವ ಮೊದಲು ಅವಳೂ ಹಾಗೇ. ಕೆಲಸ ಮಾಡಿಕೊಡುವ ವಸ್ತುವಿಗೆ ಮೊದಲು ಕೈ, ಆಮೇಲೆ ಕಾಲು. ಕಾಶಿ ಚಪ್ಪಲಿ ಬಿಟ್ಟಳು, ಬಗ್ಗಿದಳು, ತನ್ನ ಕಡೆಗಿದ್ದ ಹಿಂದಿನ ಬಾಣವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮತ್ತೊಮ್ಮೆ ಮುಟ್ಟಿ ಒತ್ತಿಕೊಂಡಳು.

ಟಿವಿ ಎರಡು ಸಲ ಟಣ್ ಟಣ್ ಅಂದಿತು. ಪರದೆಯಲ್ಲಿ ಸುಲಭದ ಹಾಡಿನ ಹಸಿರು ಬಣ್ಣ ಹೋಗಿ ಹಳದಿ ಬಂತು, ಹಳದಿಯೂ ಹೋಗಿ ಕೆಂಪು ಬಂದು ನಿಂತಿತು.

"ಆಯೀ! ಎಂತ ಮಾಡ್ದೆ ನೀನು!" ಮಾನಸಾ ಕಿರುಚಿದಳು. ಅದು ಇದ್ದುದರಲ್ಲೇ ಕಷ್ಟದ ಹಾಡು. ಪಳಗಿದ ಹುಡುಗರೇ ಅದನ್ನು ಮುಗಿಸಲಾಗದೆ ಇಳಿಯುತ್ತಿದ್ದರು.

ಕಿಶನ ಆಟ ನಿಲ್ಲಿಸಿ ಹತ್ತಿರ ಬಂದ.

"ಅಂಕಲ್, ಅವಳ ಕೈ ಜಾರ್ತು," ಎಂದಳು ಮಾನಸಾ ಗಡಿಬಿಡಿಯಲ್ಲಿ. "ಗೊತ್ತಿಲ್ದೆ ತಾಗ್ತು. ಮೊದ್ಲಿಂದು ಹಾಕಿ."

ಕಿಶನ ಕೆಟ್ಟವನಲ್ಲ. "ಹೌದಾ ಬಾಯಿ?" ಎಂದು ಕಾಶಿಯನ್ನು ಕೇಳಿದ. "ಕೈ ಜಾರಿದ್ದಾದ್ರೆ ಹೇಳಿ, ಬದಲ್ಸಿ ಕೊಡ್ತೆ. ಬೇಕಂತ ಮುಟ್ಟಿದ್ದಾದ್ರೆ ಮಾತ್ರ ಆಗೂದಿಲ್ಲ, ಉಳಿದವರು ನನ್ನ ಸುಮ್ನೆ ಬಿಡೂದಿಲ್ಲ."

ಹೂಂ ಎಂದಿದ್ದರೆ ಮುಗಿದಿತ್ತು. ಮಗಳು ಕಣ್ಣಲ್ಲೇ ಹೂಂ ಅನ್ನು, ಹೂಂ ಅನ್ನು ಎಂದು ಬೇಡುತ್ತಿದ್ದಳು. ಕಾಶಿಗೆ ಅದು ಕಂಡಿತು. ಆದರೆ ಈಗಷ್ಟೇ ಕಣ್ಣಿಗೊತ್ತಿಕೊಂಡ ಕೈಯನ್ನು ಜಾರಿದ ಕೈ ಅನ್ನುವುದು ಹೇಗೆ?

"ಜಾರ್ಲಿಲ್ಲ ತಮಾ. ನಾನೇ ಮುಟ್ಟಿದೆ. ಮುಟ್ಟಿ ನಮಸ್ಕಾರ ಮಾಡ್ದೇ ಹೆಂಗೆ ತುಳೀಲಿ?"

ಅಂಗಡಿಗೆ ಅಂಗಡಿಯೇ ಘೊಳ್ಳೆಂದು ನಕ್ಕಿತು. ಮುಂದಿನ ಸಾಲಿನ ಗೆಳತಿಯೊಬ್ಬಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಮಾನಸಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ! ಯಾವುದಕ್ಕೆ ಹೆದರಿದೆನೋ ಅದೇ ಆಯಿತಲ್ಲ, ಅದೂ ನನ್ನ ಕೈಯಿಂದಲೇ ಆಯಿತಲ್ಲ ಎಂದು ಕಾಶಿಗೆ ಅಲ್ಲೇ ನೆಲಕ್ಕಿಳಿದು ಹೋಗುವಂತಾಯಿತು. ಕಿಶನ ತಲೆ ಕೆರೆದುಕೊಂಡು, ಬೇರೆ ದಾರಿ ಕಾಣದೆ, ಅದೇ ಹಾಡಿಗೆ ಆಟ ಶುರುಮಾಡಿದ.

ಹಾಡು ಶುರುವಾಗುವುದಕ್ಕೂ ಬಾಣಗಳು ನುಗ್ಗುವುದಕ್ಕೂ ನಡುವೆ ಉಸಿರೆಳೆಯಲು ಬಿಡುವಿರಲಿಲ್ಲ. ಮಾನಸಾ ತನ್ನ ಚಾಪೆಯ ಮೇಲೆ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಹಾರುತ್ತಿದ್ದಳು, ಅವಳ ಪಟ್ಟಿ ತುಂಬಿ ನಿಂತಿತ್ತು. ಕಾಶಿ ಒಂದು ಬಾಣ ತುಳಿಯುವುದರೊಳಗೆ ಮೂರು ಹೋಗುತ್ತಿದ್ದವು. ಮುಂದೆ ಎಂದುಕೊಂಡರೆ ಅದು ಹಿಂದೆ, ಬಲ ಎಂದುಕೊಂಡರೆ ಅದು ಹೋಗಿಯೇ ಆಯಿತು. ಸೀರೆ ಕಾಲಿಗೆ ಸುತ್ತಿತು. ಹಸಿರು ಪಟ್ಟಿ ಕರಗುವುದೊಂದು ಮಾತ್ರ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು, ಅರ್ಧವಾಯಿತು, ಕಾಲಾಯಿತು. ಜನರ ನಗು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಎಲ್ಲಿ ತುಳಿಯಬೇಕೆಂದು ತಿಳಿಯದೆ ಅವಳು ಚಾಪೆಯ ನಡುವೆ ನಿಂತೇಬಿಟ್ಟಳು.

"ನನ್ಹತ್ರ ಆಗೂದಿಲ್ವೇ ಮಗಾ. ನಾ ಇಳೀತೆ," ಎಂದಳು.

ಮಾನಸಾ ತಿರುಗಿ ನೋಡಿದಳು. ಮೊದಲು ತಾಯಿಯ ಮುಖ, ಆಮೇಲೆ ಮುಂದಿನ ಸಾಲಿನ ಗೆಳತಿಯರ ಮುಖ. ಏನನ್ನಿಸಿತೋ, ತುಂಬಿ ನಿಂತ ತನ್ನ ಪಟ್ಟಿಯನ್ನು ಅಲ್ಲೇ ಬಿಟ್ಟು ತಾಯಿಯ ಚಾಪೆಗೆ ಹಾರಿದಳು. ಹಿಂದಿನಿಂದ ಸೊಂಟ ಬಳಸಿ ಹಿಡಿದು, ಕಿವಿಗೆ ಬಾಯಿಟ್ಟು, "ಇಳೀಬೇಡ. ನೀ ಮುಂದಿಂದು, ಎಡದ್ದು ಎರಡೇ ತುಳಿ. ಉಳ್ದದ್ದು ನಾ ತುಳೀತೆ," ಎಂದಳು.

ಪೀಪಿ ಊದಿದ ಸದ್ದು. "ಔಟ್! ಮಾನಸಾ, ಕಾಲು ಚಾಪಿ ದಾಟ್ತು, ಜೋಡಿ ಔಟ್!" ಕಿಶನ ಕೂಗಿದ.

"ಗೊತ್ತದೆ ಅಂಕಲ್. ಹಾಡು ಮಾತ್ರ ನಿಲ್ಲಿಸ್ಬೇಡಿ," ಎಂದು ಮಾನಸಾ ಅಷ್ಟೇ ಗಟ್ಟಿಯಾಗಿ ಕೂಗಿ ಹೇಳಿದಳು. "ನಮ್ಮ ಆಯಿದು ಇನ್ನೂ ಮುಗೀಲಿಲ್ಲ!"

ಗೋಡೆಗೆ ಒರಗಿದ್ದ ಹುಡುಗರಲ್ಲಿ ಒಬ್ಬ ಸಿಳ್ಳೆ ಹಾಕಿದ. ಟಿವಿಯಲ್ಲಿ ಮಾನಸಾಳ ಪಟ್ಟಿ ಸರಸರನೆ ಕರಗಿ ಇಲ್ಲವಾಯಿತು. ಕಾಶಿಯದು ಎಳೆಯಷ್ಟೇ ಉಳಿದಿತ್ತು, ಆದರೂ ಉಳಿದಿತ್ತು. ಕಾಶಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತೆಲ್ಲಿ?

"ಔಟ್ ಅಂದ್ನಲ್ಲೇ ಅವ?"

"ಹೂಂ, ಅಂದ. ಎಡಕ್ಕೆ ಆಯಿ, ಎಡಕ್ಕೆ!"

ಕಾಶಿ ಎಡಕ್ಕೆ ತುಳಿದಳು.